ಅಜ್ಜನ ಮೇಲೊಂದು ನಾಟಕ

"ದೀಪದ ಕೆಳಗ ಕುಂಡ್ರು! ಪುಸ್ತಕ ಹಿಡಿ! ಕಣ್ಣಾಗ ನೀರು ತಾ!" ಎಂದು ಕುಮಾರಸ್ವಾಮಿ ಸರ್ ಕೂಗಿದರು.

ನಿರುಪಮಾ ಕುಳಿತಳು. ಪುಸ್ತಕ ಹಿಡಿದಳು. ಕಣ್ಣೀರು ಮಾತ್ರ ಬರಲಿಲ್ಲ.

"ಸರ್, ನಮ್ಮಜ್ಜ ಬೀದಿ ದೀಪದಾಗ ಓದೇ ಇಲ್ರಿ. ಅವರ ಮನ್ಯಾಗ ಕರೆಂಟ್ ಇತ್ರಿ. ಫ್ಯಾನೂ ಇತ್ರಿ."

"ಇದ್ರ ಇರಲಿ. ಇನ್ವೆಂಟರ್ ಅಂದ ಮ್ಯಾಲೆ ಬೀದಿ ದೀಪ ಬೇಕ ಬೇಕು. ಇಲ್ಲಾಂದ್ರ ಮಂದಿ ನಂಬಂಗಿಲ್ಲ."

ಆ ದೀಪವಾದರೂ ಎಂಥದ್ದು! ಒಂದು ಬಿದಿರುಕೋಲು, ಅದರ ತುದಿಗೆ ಹಳದಿ ಕಾಗದದ ಉಂಡೆ. ಹೋದ ವರ್ಷ ಅದರ ಕೆಳಗೆ ಒಬ್ಬ ಗಣಿತಜ್ಞ ಕುಳಿತು ಅತ್ತಿದ್ದ. ಅದರ ಹಿಂದಿನ ವರ್ಷ ಒಬ್ಬ ಕವಿ. ಈ ವರ್ಷ ನಿರುಪಮಾಳ ಅಜ್ಜನ ಪಾಳಿ. ನವನಗರದ ಆ ಶಾಲೆಯಲ್ಲಿ ಈ ಕೋಲಿನ ಕೆಳಗೆ ಕೂತು ಅಳದೆ ಯಾರೂ ದೊಡ್ಡವರಾಗುವ ಹಾಗಿರಲಿಲ್ಲ.

ಅಜ್ಜ ಶಂಭುಲಿಂಗಪ್ಪ ಫ್ರಿಜ್ ಇಂಜಿನಿಯರ್. ತಾರಿಹಾಳದಲ್ಲಿ ಅವನದೊಂದು ಸಣ್ಣ ಫ್ಯಾಕ್ಟರಿ. ಕರೆಂಟ್ ಹೋದರೂ ದಿನವಿಡೀ ಹಾಲು ಕೆಡದಂಥ ಪೆಟ್ಟಿಗೆಯನ್ನು ಅವನು ಕಂಡುಹಿಡಿದಿದ್ದ. ಅದರ ಗೋಡೆಯೊಳಗೆ ನೀರಿರುತ್ತದೆ. ಕರೆಂಟ್ ಇದ್ದಾಗ ಆ ನೀರು ಬರ್ಫವಾಗುತ್ತದೆ. ಕರೆಂಟ್ ಹೋದಾಗ ಆ ಬರ್ಫವೇ ಹಾಲನ್ನು ಕಾಯುತ್ತದೆ. ಸುತ್ತಲಿನ ಹಳ್ಳಿಗಳ ಹಾಲಿನ ಡೇರಿಗಳಲ್ಲಿ ಈಗ ಅದೇ ಪೆಟ್ಟಿಗೆ. ಅದಕ್ಕೇ ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಅವನೇ ಮುಖ್ಯ ಅತಿಥಿ. ಅವನ ಎದುರಿಗೇ ಅವನ ನಾಟಕ. ಅಜ್ಜನ ಪಾರ್ಟು ಮೊಮ್ಮಗಳದು.

ಪ್ರಾಕ್ಟೀಸಿನಲ್ಲಿ ಕೊನೆಯ ಸೀನ್ ಬಂತು. ಅಜ್ಜನ ಅಪ್ಪನ ಪಾರ್ಟು ಬಸವಕಿರಣನದು. ದೊಡ್ಡದೊಂದು ರಟ್ಟಿನ ಪೆಟ್ಟಿಗೆಯೊಳಗೆ ವಸೀಮ ಟಾರ್ಚ್ ಹಿಡಿದು ಕುಳಿತಿದ್ದ. ಅವನೇ ಮಷಿನ್! ಬಸವಕಿರಣ ಪೆಟ್ಟಿಗೆಯ ಬಾಗಿಲು ತೆಗೆದು, ಒಳಗೆ ಕೈಯಿಟ್ಟು, "ಭಲಾ ಮಗನೇ! ನೀನು ನಮ್ಮ ಮನೆತನದ ಕೀರ್ತಿಜ್ಯೋತಿ!" ಎಂದು ಕಿರುಚಿದ.

"ಸರ್, ಇದಂತೂ ಪೂರಾ ಸುಳ್ಳರಿ. ಅಜ್ಜನ ಅಪ್ಪ ಮಷಿನ್ ನೋಡಾಕ ಬಂದೇ ಇಲ್ರಿ."

"ನಾಟಕ ಬರದಿದ್ದು ನೀನೋ ನಾನೋ? ಒಂದ್ ಅಕ್ಷರ ಬದಲಾತಂದ್ರ ಮುಂದಿನ ವರ್ಷ ನಿನಗ ಪಾರ್ಟ್ ಇಲ್ಲ, ನೋಡು ಮತ್ತ!"

ನಿರುಪಮಾಗೆ ನಾಟಕವೆಂದರೆ ಪ್ರಾಣ. ಬರೆದಂತೆಯೇ ಪ್ರಾಕ್ಟೀಸ್ ಮುಗಿಸಿದಳು.

ಕೇಶ್ವಾಪುರದ ಮನೆಗೆ ಬಂದು ಅಜ್ಜನಿಗೆ ಎಲ್ಲ ಹೇಳಿದಳು. ನಕ್ಕೂ ನಕ್ಕೂ ಅಜ್ಜನಿಗೆ ಕೆಮ್ಮು ಬಂತು.

"ಕೀರ್ತಿಜ್ಯೋತಿ! ನಮ್ಮಪ್ಪ! ಅಂವ ನನಗ ಏನಂತಿದ್ದ ಗೊತ್ತೇನ? ಬರ್ಫದ ಹುಚ್ಚ! ಹತ್ತಿ ಅಂಗಡ್ಯಾಗ ಗಿರಾಕಿ ಮುಂದ, 'ಗಡಿಗ್ಯಾಗ ಇಟ್ರ ನೀರು ತಣ್ಣಗಾಗತಾವ. ಇಂವ ಅದಕ್ಕ ಇಂಜಿನಿಯರಿಂಗ್ ಕಲಿಯಾಕತ್ತಾನ' ಅಂತ ನಗತಿದ್ದ."

"ಮಷಿನ್ ರೆಡಿ ಆದ ಮ್ಯಾಲೆ?"

"ಕರದೆ. ಕಾರ್ ಕಳಿಸಿದೆ. ಖಾಲಿ ಕಾರ್ ವಾಪಸ್ ಬಂತು. ಅಂಗಡಿ ಬಿಟ್ಟ ಬರಾಕ ಆಗಂಗಿಲ್ಲಂತ! ಸಾಯೂತನಕ ಆ ಕಡೆ ಹಾಯಲಿಲ್ಲ ಪುಣ್ಯಾತ್ಮ."

ಅಜ್ಜ ಮತ್ತೆ ನಕ್ಕ. ಎಷ್ಟೋ ಸಲ ಹೇಳಿದ ಕತೆ ಅದು. ಪ್ರತಿ ಸಲವೂ ಹೀಗೇ ನಗುತ್ತಿದ್ದ, ನಿರುಪಮಾಳೂ ಜೊತೆಗೆ ನಗುತ್ತಿದ್ದಳು.

"ಸ್ಟೇಜ್ ಮ್ಯಾಲೆ ಖರೇ ಹೇಳಿಬಿಡ್ಲೇನ ಅಜ್ಜಾ? 'ನೀವು ಬರಲೇ ಇಲ್ಲಲ್ರಿ ಅಪ್ಪಾ' ಅಂತ?"

"ಹೇಳು! ಆ ನಿಮ್ಮ ಮಾಸ್ತರನ ಮಾರಿ ಹೆಂಗ ಆಗತೈತಿ ನೋಡೂಣು. ನಾ ಮುಂದ ಕುಂತು ಚಪ್ಪಾಳಿ ಹೊಡೀತೇನಿ."

"ಮುಂದಿನ ವರ್ಷ ಪಾರ್ಟ್ ಕೊಡಂಗಿಲ್ಲಂತ."

"ಇಂಥಾ ಸುಳ್ಳ ಪಾರ್ಟ್ ತಗೊಂಡು ಏನ್ ಮಾಡ್ತಿ?"

ಅದೂ ಹೌದು. ಹೋದರೆ ಹೋಗಲಿ ಪಾರ್ಟು! ಹೇಳಿಯೇ ತೀರುತ್ತೇನೆ ಎಂದು ನಿರುಪಮಾ ಅಜ್ಜನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು.

ಗ್ಯಾದರಿಂಗಿನ ದಿನ ಭಾಷಣಗಳು ಮುಗಿಯಲೊಲ್ಲವು. ಅಧ್ಯಕ್ಷರು "ಫ್ರಿಜ್ ಕಂಡುಹಿಡಿದ ಮಹಾನುಭಾವ" ಎಂದು ಅಜ್ಜನನ್ನು ಹೊಗಳಿದ್ದೇ ಹೊಗಳಿದ್ದು. ಅಜ್ಜ ಹುಟ್ಟುವ ಮೊದಲೇ ಜಗತ್ತಿನಲ್ಲಿ ಫ್ರಿಜ್ ಇದ್ದವು ಎಂಬುದನ್ನು ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ. ಆಮೇಲೆ ಆ ಸೆಕೆಯಲ್ಲಿ ಉಣ್ಣೆಯ ಶಾಲು ಹೊದಿಸಿ, ತಲೆಗೆ ಪೇಟ ಏರಿಸಿ, ತಂಪು ಮಾಡುವ ಮನುಷ್ಯನ ಬೆವರಿಳಿಸಿದರು.

ನಾಟಕ ಶುರುವಾಯಿತು. ಬೀದಿ ದೀಪದ ಸೀನಿನಲ್ಲಿ ಕೋಲು ವಾಲಿ ನಿರುಪಮಾಳ ತಲೆಯ ಮೇಲೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ಅಜ್ಜ ಅವಳಿಗೆ ಕಣ್ಣು ಹೊಡೆದ. ಅವಳಿಗೆ ಧೈರ್ಯ ಬಂತು. ತಡಿ, ಕೊನೆಯ ಸೀನ್ ಬರಲಿ!

ಬಂದೇ ಬಂತು. ಬಸವಕಿರಣ ಧೋತರ ಎತ್ತಿ ಹಿಡಿದು ನಡೆದು ಬಂದ. ಅಂಟಿಸಿದ ಮೀಸೆ ಅರ್ಧ ಕಿತ್ತು ಜೋತಾಡುತ್ತಿತ್ತು. ಪೆಟ್ಟಿಗೆಯ ಬಾಗಿಲು ತೆಗೆದ, ಒಳಗೆ ಕೈಯಿಟ್ಟ, ಅಷ್ಟೇ. ಡೈಲಾಗ್ ಮರೆತುಹೋಯಿತು.

"ಕೀರ್ತಿಜ್ಯೋತಿ! ಲೇ, ಕೀರ್ತಿಜ್ಯೋತಿ!" ಎಂದು ಪರದೆಯ ಹಿಂದಿನಿಂದ ಸರ್ ಪಿಸುಗುಟ್ಟಿದರು.

ಬಸವಕಿರಣನಿಗೆ ಏನೂ ಕೇಳಿಸಲಿಲ್ಲ. ಕೈ ಹಾಗೇ ಒಳಗಿತ್ತು. ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಹೇಳಿದ:

"ಅಯ್ಯ, ಭಾರಿ ತಂಪೈತಲ್ಲೋ ತಮ್ಮಾ! ಇಷ್ಟೆಲ್ಲಾ ನೀ ಒಬ್ಬನ ಮಾಡಿದಿ? ನನಗ ಗೊತ್ತ ಇರಲಿಲ್ಲ ನೋಡು."

ಈಗ ನಿರುಪಮಾಳ ಪಾಳಿ. 'ನೀವು ಬರಲೇ ಇಲ್ಲಲ್ರಿ ಅಪ್ಪಾ' ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಜ್ಜ ಇನ್ನೊಮ್ಮೆ ಕಣ್ಣು ಹೊಡೆಯಲಿ ಎಂದು ಅವನ ಕಡೆ ನೋಡಿದಳು.

ಅಜ್ಜ ಅವಳನ್ನು ನೋಡುತ್ತಿರಲಿಲ್ಲ. ಜೋತಾಡುವ ಮೀಸೆಯ ಬಸವಕಿರಣನನ್ನೇ ನೋಡುತ್ತಿದ್ದ. ಕುರ್ಚಿಯ ಅಂಚಿಗೆ ಬಂದು ಕುಳಿತಿದ್ದ. ಪಕ್ಕದ ಅಧ್ಯಕ್ಷರು ಏನೋ ಹೇಳಲು ಬಂದರೆ ಕೈಯೆತ್ತಿ ಸುಮ್ಮನಿರಿಸಿದ. ಆಮೇಲೆ ಶಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ.

ಇಷ್ಟು ದಿನ ಆ ಕತೆಗೆ ಅಜ್ಜನ ಜೊತೆ ನಕ್ಕಿದ್ದು ನೆನಪಾಗಿ ನಿರುಪಮಾಗೆ ಸಂಕಟವಾಯಿತು.

"ಹೂನ್ರಿ ಅಪ್ಪಾ, ನಾನ ಮಾಡೇನಿ," ಎಂದಳು. "ಇನ್ನಷ್ಟು ಒಳಗ ಕೈಯಿಟ್ಟ ನೋಡ್ರಿ."

ಬಸವಕಿರಣ ಮೊಣಕೈವರೆಗೂ ಕೈ ತೂರಿಸಿದ. ಬೆರಳು ವಸೀಮನ ಮೂಗಿಗೆ ತಾಕಿತೋ ಏನೋ, ಮಷಿನ್ "ಆಕ್ಷೀ!" ಎಂದು ಸೀನಿತು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಜ್ಜ ನಗಲಿಲ್ಲ.

ಪರದೆ ಬಿದ್ದ ಮೇಲೆ ಕುಮಾರಸ್ವಾಮಿ ಸರ್ ಎದೆಯುಬ್ಬಿಸಿಕೊಂಡು ಓಡಿಬಂದರು. "ನೋಡಿದ್ರಿ? ನನ್ನ ಡೈಲಾಗಿಗೆ ನಿಮ್ಮ ಕಣ್ಣಾಗ ನೀರ ಬಂತು!"

ಅವರ ಡೈಲಾಗನ್ನು ಅಲ್ಲಿ ಯಾರೂ ಹೇಳಿಯೇ ಇರಲಿಲ್ಲ. ಬೇರೆ ದಿನವಾಗಿದ್ದರೆ ಅಜ್ಜ ಅವರ ನೀರಿಳಿಸಿಬಿಡುತ್ತಿದ್ದ. ಇವತ್ತು, "ಛಲೋ ಬರದೀರಿ," ಎಂದು ಕೈಮುಗಿದ.

ಮನೆಗೆ ಹೋಗುವಾಗ ಕಾರಿನಲ್ಲಿ ಅಜ್ಜ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕೇಳಿದ: "ಆ ಮಾತು ಯಾಕ ಹೇಳಲಿಲ್ಲ?"

"ಮರತಬಿಟ್ಟೆ ಅಜ್ಜಾ."

ಅಜ್ಜ ಕಿಟಕಿಯಾಚೆ ನೋಡಿದ. ಆ ಕಡೆಯೇ ನೋಡುತ್ತ ಕೇಳಿದ: "ಆ ಹುಡುಗ, ನಮ್ಮಪ್ಪ ಆಗಿದ್ನಲ್ಲ, ರವಿವಾರ ಬಿಡುವಿರತೈತೇನ ಅವಂಗ?"

"ಯಾಕಜ್ಜಾ?"

"ಒಮ್ಮೆ ತಾರಿಹಾಳಕ್ಕ ಕರಕೊಂಡ ಬಾ. ಖರೇ ಮಷಿನ್ ತೋರಿಸ್ತೇನಿ."

ಬಸವಕಿರಣನಿಗೆ ರವಿವಾರ ಕ್ರಿಕೆಟ್ ಇರುತ್ತದೆ. ಮಷಿನ್ ಅಂದರೆ ಅವನು ಆಕಳಿಸುತ್ತಾನೆ. ಅದು ನಿರುಪಮಾಗೆ ಚೆನ್ನಾಗಿ ಗೊತ್ತಿತ್ತು.

"ಬರತಾನಜ್ಜಾ," ಎಂದಳು. "ನಾ ಕರಕೊಂಡ ಬರತೇನಿ."