ಹಳದಿ ಗಾಡಿ ಕುಡಿದ ಡೀಸೆಲ್

ಮಾರ್ಚ್ ಹನ್ನೊಂದು, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಗಣಿಯ ಮ್ಯಾನೇಜರ್ ಠಾಣೆಗೆ ಬಂದು ದೂರು ಬರೆದುಕೊಟ್ಟ. ಪರೀಕ್ಷೆಗೆ ಬಿಟ್ಟಿರುವ ಹಳದಿ ಡಂಪರ್‌ನಿಂದ ದಿನಾ ಡೀಸೆಲ್ ಕಳುವಾಗುತ್ತಿದೆ, ಅದರ ಡ್ರೈವರ್ ಮೇಲೆ ಅನುಮಾನವಿದೆ, ಕ್ರಮ ಕೈಗೊಳ್ಳಬೇಕು. ಇನ್ಸ್‌ಪೆಕ್ಟರ್ ಅದನ್ನು ಎರಡು ಸಲ ಓದಿದಳು.

"ಪರೀಕ್ಷೆ ಅಂದ್ರೆ?"

"ಹೊಸ ಡಂಪರ್ ಕೊಳ್ಬೇಕು ಮೇಡಂ. ಎರಡು ಕಂಪನಿಯವರು ಒಂದೊಂದು ಗಾಡಿ ಕೊಟ್ಟಿದ್ದಾರೆ. ಒಂದು ಹಳದಿ, ಒಂದು ಬಿಳಿ. ಎರಡಕ್ಕೂ ಅದೇ ಏರು, ಅದೇ ಭಾರ. ಟೈರು ಎಷ್ಟು ಸವೆಯುತ್ತೆ, ಬ್ರೇಕ್ ಹೆಂಗಿದೆ, ಡೀಸೆಲ್ ಎಷ್ಟು ಬೇಕು, ಎಲ್ಲ ತಾಳೆ ಹಾಕಿ ನೋಡ್ತೀವಿ. ಗೆದ್ದ ಕಂಪನಿಯ ಗಾಡಿಗಳೇ ಇಡೀ ಗಣಿಗೆ."

"ಹಳದಿ ಜಾಸ್ತಿ ಕುಡೀತಿದೆಯೋ?"

"ಕುಡುಕನ ಹಾಗೆ! ಕಂಪನಿಯವರು ಬಂದು ಇಂಜಿನ್ ಬಿಚ್ಚಿ ನೋಡಿದ್ರು. ನಮ್ಮ ಇಂಜಿನ್ ಸರಿ ಇದೆ, ನಿಮ್ಮ ಡ್ರೈವರೇ ಸರಿ ಇಲ್ಲ ಅಂದುಬಿಟ್ರು."

ಎಫ್‌ಐಆರ್ ಆಯಿತು. ಮಧ್ಯಾಹ್ನವೇ ಗಣಿಗೆ ಹೋಗಿ ಹಳದಿ ಗಾಡಿಯನ್ನು ತಪಾಸಣೆ ಮಾಡಿದರು. ಗಾಡಿಯೆಂದರೆ ಎಂಥ ಗಾಡಿ! ಅದರ ಒಂದು ಚಕ್ರದ ಪಕ್ಕ ನಿಂತರೆ ಹೆಡ್ ಕಾನ್‌ಸ್ಟೇಬಲ್ಲನ ಟೋಪಿ ಅದರ ತುದಿ ಮುಟ್ಟಲಿಲ್ಲ. ಟೂಲ್ ಬಾಕ್ಸ್‌ನಲ್ಲಿ ಡೀಸೆಲ್ ವಾಸನೆಯ ಉದ್ದನೆಯ ಪೈಪ್ ಸಿಕ್ಕಿತು. ಇಬ್ಬರು ಪಂಚರ ಮುಂದೆ ಪಂಚನಾಮೆ ಬರೆದು ವಶಪಡಿಸಿಕೊಂಡರು.

"ಪೈಪ್ ಯಾರದ್ದು?"

"ಗೊತ್ತಿಲ್ಲ ಮೇಡಂ. ನಂದಲ್ಲ," ಎಂದ ಡ್ರೈವರ್. ಮೀಸೆ ಇನ್ನೂ ಸರಿಯಾಗಿ ದಪ್ಪಗಾಗದ ಹುಡುಗ.

"ನಿನ್ನ ಗಾಡೀಲಿ ನಿಂದಲ್ಲದ್ದು ಹೇಗೆ ಬಂತು?"

ಸಂಜೆ ಅವನನ್ನು ಬಂಧಿಸಿದರು. ಮರುದಿನ ನ್ಯಾಯಾಧೀಶರು ಮೂರು ದಿನ ಪೊಲೀಸ್ ಕಸ್ಟಡಿಗೆ ಕೊಟ್ಟರು; ಅದು ಮುಗಿದರೆ ಜೈಲು. ತಪ್ಪು ಸಾಬೀತಾಗಲಿ ಬಿಡಲಿ, ಕಳ್ಳತನದ ಕೇಸಿನಲ್ಲಿ ಜೈಲಿಗೆ ಹೋದವನ ಕೈಗೆ ಯಾವ ಗಣಿಯೂ ಮತ್ತೆ ಗಾಡಿ ಕೊಡುವುದಿಲ್ಲ. ಹುಡುಗನ ಇಡೀ ಬದುಕು ಆ ಮೂರು ದಿನದಲ್ಲಿತ್ತು.

ದಿನಾ ಮಧ್ಯಾಹ್ನ ಅವನಿಗೆ ಊಟ ತರುತ್ತಿದ್ದವನು ಅವನ ಭಾವ, ಅಂದರೆ ಅಕ್ಕನ ಗಂಡ. ಹುಡುಗನಿಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೂ ಅವನೇ, ಪರೀಕ್ಷೆಯಲ್ಲಿ ಬಿಳಿ ಗಾಡಿ ಓಡಿಸುತ್ತಿದ್ದವನೂ ಅವನೇ. ಡಬ್ಬಿ ಕೊಟ್ಟು, ಹುಡುಗ ತಿಂದು ಮುಗಿಸುವವರೆಗೂ ಗೋಡೆಗೆ ಒರಗಿ ನಿಂತಿರುತ್ತಿದ್ದ.

"ಕೂತ್ಕೊಳ್ಳಿ ಯಜಮಾನ್ರೇ. ಬೆಂಚು ಸರ್ಕಾರದ್ದು, ಬಾಡಿಗೆ ಕೇಳಲ್ಲ," ಎನ್ನುತ್ತಿದ್ದ ಹೆಡ್ ಕಾನ್‌ಸ್ಟೇಬಲ್.

"ಪರವಾಗಿಲ್ಲ ಸಾರ್."

ಹೆಡ್ ಕಾನ್‌ಸ್ಟೇಬಲ್ ಸುತ್ತಲಿನ ಗ್ಯಾರೇಜು, ಬೋರ್‌ವೆಲ್ ಲಾರಿ, ಜನರೇಟರ್ ಬಾಡಿಗೆಗೆ ಕೊಡುವವರು, ಎಲ್ಲರನ್ನೂ ಜಾಲಾಡಿದ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಮೇಡಂ? ಕದ್ದ ಡೀಸೆಲ್ ಎಲ್ಲಾದ್ರೂ ಬರಲೇಬೇಕು," ಎಂದಿದ್ದ. ಬರಲಿಲ್ಲ. ಒಂದು ಹನಿ ಕೊಂಡವನೂ ಸಿಗಲಿಲ್ಲ. ಪೈಪ್ ಸಿಕ್ಕಿತೆಂದು ಅವಸರ ಪಟ್ಟೆನೇ ಎಂಬ ಅಳುಕು ಇನ್ಸ್‌ಪೆಕ್ಟರಿಗೆ ಶುರುವಾಯಿತು. ಲಾಕಪ್ಪಿನ ಕಡೆ ನೋಡಲೇ ಮುಜುಗರ.

ಬುಧವಾರ ಮತ್ತೆ ಗಣಿಗೆ ಹೋದಳು. ಗಾಡಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಧಾನವಾಗುತ್ತದೆ, ದಾರಿಯಲ್ಲಿ ಡೀಸೆಲ್ ತೆಗೆಯಲು ಎಡೆಯಿದೆಯೇ, ಕಣ್ಣಾರೆ ನೋಡೋಣವೆಂದು ಹಳದಿಯಲ್ಲಿ ಬದಲಿ ಡ್ರೈವರನ ಪಕ್ಕ ಕೂತು ಮೂರು ಸುತ್ತು ಹೊಡೆದಳು. ಅಬ್ಬಬ್ಬಾ! ಪ್ರತಿ ಗುಂಡಿಗೂ ಬೆನ್ನಿನ ಬುಡಕ್ಕೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗೆ. ಆಮೇಲೆ ಬಿಳಿ ಗಾಡಿ ಹತ್ತಿದಳು. ಅದೇ ರಸ್ತೆ, ಅವೇ ಗುಂಡಿಗಳು, ಒಂದೂ ಗೊತ್ತಾಗಲಿಲ್ಲ.

"ನಿಮ್ಮ ಗಾಡಿ ಆರಾಮಪ್ಪ," ಎಂದಳು ಭಾವನಿಗೆ.

"ಸೀಟು ಮೇಡಂ," ಎಂದ ಅವನು. "ಸೀಟೇ ಬೇರೆ. ಗಾಳಿ ಮೇಲೆ ಕೂತಿರುತ್ತೆ." ಮಗುವಿನ ತಲೆ ಸವರುವವನಂತೆ ಸೀಟಿನ ಅಂಚು ಸವರಿದ.

ಗುರುವಾರ ಬೆಳಿಗ್ಗೆ ಇನ್ಸ್‌ಪೆಕ್ಟರಿಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ. ಬೀರುವಿನ ಮೇಲೆ ಕಾಗದ ಇಟ್ಟುಕೊಂಡು ನಿಂತೇ ಕೇಸ್ ಡೈರಿ ಬರೆಯತೊಡಗಿದಳು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ, ಎಡಗೈಯನ್ನು ಸೊಂಟದ ಹಿಂದಿಟ್ಟು ಒತ್ತಿಕೊಳ್ಳುತ್ತಾ ಮಧ್ಯಾಹ್ನದ ಹೊತ್ತಿಗೆ ತಲೆ ಎತ್ತಿದರೆ, ಎದುರಿಗೆ ಊಟದ ಡಬ್ಬಿ ತಂದ ಭಾವ. ಅವನೂ ಭಾರ ಬದಲಿಸುತ್ತಿದ್ದ. ಅವನ ಎಡಗೈಯೂ ಸೊಂಟದ ಅದೇ ಜಾಗದಲ್ಲಿತ್ತು. ಅವಳದ್ದು ಮೂರು ಸುತ್ತಿನ ನೋವು. ಅವನದ್ದು?

ಇಷ್ಟು ದಿನ ಡೀಸೆಲ್ ಕದ್ದು ಯಾರಿಗೆ ಲಾಭ ಎಂದು ಕೇಳಿಕೊಂಡಿದ್ದಳು. ಹಳದಿ ಸೋತರೆ ಯಾರಿಗೆ ಲಾಭ ಎಂದು ಕೇಳಿಕೊಂಡೇ ಇರಲಿಲ್ಲ. ಅವನು ಹೋದ ಮೇಲೆ ಮ್ಯಾನೇಜರಿಗೆ ಫೋನ್ ಮಾಡಿದಳು.

"ಹುಡುಗನ್ನ ಹಿಡಿದ ಮೇಲೆ ಹಳದಿ ಎಷ್ಟು ಕುಡೀತಿದೆ?"

"ಸರಿಹೋಗಿದೆ ಮೇಡಂ! ಕಳ್ಳ ಒಳಗೆ, ಗಾಡಿ ನೆಟ್ಟಗೆ."

"ಬಿಳಿದು?"

"ಬಿಳಿದಕ್ಕೇನಾಗಿದೆ? ದೂರು ಹಳದಿದು ತಾನೇ?"

"ನೋಡಿ ಹೇಳಿ."

ಅತ್ತ ಕಡೆ ಲೆಕ್ಕದ ಪುಸ್ತಕದ ಹಾಳೆ ತಿರುವುವ ಸದ್ದು. ಆಮೇಲೆ ಮ್ಯಾನೇಜರನ ದನಿ ಇಳಿದಿತ್ತು. "ಮೇಡಂ, ಸೋಮವಾರದಿಂದ ಬಿಳಿ ಜಾಸ್ತಿ ಕುಡೀತಿದೆ. ಹಳದಿಲಿ ಎಷ್ಟು ಇಳೀತೋ, ಇದರಲ್ಲಿ ಅಷ್ಟೇ ಏರಿದೆ."

ಡೀಸೆಲ್ ಗಣಿ ದಾಟಿಯೇ ಇರಲಿಲ್ಲ. ಪಾಳಿ ಮುಗಿದ ಮೇಲೆ ಅಕ್ಕಪಕ್ಕ ನಿಲ್ಲುವ ಎರಡು ಗಾಡಿಗಳ ನಡುವೆ, ಹಳದಿಯ ಟ್ಯಾಂಕಿನಿಂದ ಬಿಳಿಯದಕ್ಕೆ ಹರಿದಿತ್ತು, ಅಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ತಾನು ಹುಡುಗನನ್ನು ಒಳಗೆ ಹಾಕಿದ್ದೆ ಎಂದು ಅವಳಿಗೆ ಕೆನ್ನೆ ಬಿಸಿಯಾಯಿತು.

ಸಂಜೆ ನಾಲ್ಕಕ್ಕೆ ಭಾವನನ್ನು ಕರೆಸಿದರು.

"ಕೂತ್ಕೊಳ್ಳಿ."

"ಪರವಾಗಿಲ್ಲ ಮೇಡಂ."

"ಕೂತ್ಕೊಳ್ಳಿ ಅಂದೆ."

ಮೇಜು ಹಿಡಿದು, ಉಸಿರು ಬಿಗಿಹಿಡಿದು ಕೂತ. ಹಣೆಯಲ್ಲಿ ಬೆವರು ಒಡೆಯಿತು.

"ಎಷ್ಟು ವರ್ಷದಿಂದ ನೋವು?"

"ನೋವಾ? ನನಗ್ಯಾವ ನೋವು ಮೇಡಂ?" ಎನ್ನುತ್ತಲೇ ಕೈ ಸೊಂಟಕ್ಕೆ ಹೋಯಿತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದು ಇನ್ನು ಬೇರೆ ಹೇಗಿದ್ದೀತು? ಅವನಿಗೂ ಅದು ಗೊತ್ತಾಯಿತು. ಕೈ ಕೆಳಗಿಳಿಸಿ ತಲೆ ತಗ್ಗಿಸಿದ.

"ಹೆಂಡತೀಗೂ ಹೇಳಿಲ್ಲ ಮೇಡಂ. ಹೇಳಿದ್ರೆ ಬಿಟ್ಟುಬಿಡು ಅಂತಾಳೆ. ಬಿಟ್ಟು ಏನು ಮಾಡ್ಲಿ? ಡಂಪರ್ ಬಿಟ್ರೆ ನನಗೆ ಇನ್ನೇನೂ ಬರಲ್ಲ. ಡಾಕ್ಟರ್ ತಪಾಸಣೆ ದಿನ ಮಾತ್ರೆ ನುಂಗಿ ಹೋಗ್ತಿದ್ದೆ. ಬಿಳಿ ಗಾಡಿ ಬಂದ ಮೇಲೆ ಮೊದಲ ಸಲ ಮನೆಗೆ ಹೋಗಿ ನೆಟ್ಟಗೆ ಮಲಗಿದೆ. ಅದೇ ಗೆಲ್ಲಬೇಕಿತ್ತು, ಇನ್ನೇನೂ ಬೇಕಿರಲಿಲ್ಲ."

"ಅದಕ್ಕೆ ಹುಡುಗನ್ನ ಕಳ್ಳ ಮಾಡಿದಿರಾ?"

"ಅಯ್ಯೋ, ಇಲ್ಲ!" ಎಂದು ಎದ್ದೇಬಿಟ್ಟ. "ಗಾಡಿ ಕುಡುಕ ಅನ್ನಿಸ್ಕೊಳ್ಳುತ್ತೆ ಅನ್ಕೊಂಡೆ. ಹುಡುಗ ಕಳ್ಳ ಅನ್ನಿಸ್ಕೊಳ್ತಾನೆ ಅಂತ ಹೊಳೀಲೇ ಇಲ್ಲ. ಪೈಪ್ ಉದ್ದ, ನನ್ನ ಗಾಡೀಲಿ ಬಚ್ಚಿಡೋಕೆ ಜಾಗ ಇರಲಿಲ್ಲ, ಹಳದಿ ಟೂಲ್ ಬಾಕ್ಸಿಗೆ ತುರುಕಿದ್ದೆ ಅಷ್ಟೇ. ದಿನಾ ಹೇಳೋಣ ಅಂತಲೇ ಬರ್ತಿದ್ದೆ. ಡಬ್ಬಿ ಕೊಡ್ತಿದ್ದೆ, ಅವನು ಭಾವ ನೀನು ಊಟ ಮಾಡಿದ್ಯಾ ಅಂತ ಕೇಳ್ತಿದ್ದ. ಖಾಲಿ ಡಬ್ಬಿ ತಗೊಂಡು ವಾಪಸ್ ಹೋಗಿಬಿಡ್ತಿದ್ದೆ."

ಪೊಲೀಸರ ಮುಂದೆ ಹೇಳಿದ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಅವನನ್ನೇ ಗಣಿಗೆ ಕರೆದೊಯ್ದರು. ಬಿಳಿ ಗಾಡಿಯ ಸೀಟಿನ ಹಿಂದಿನಿಂದ ಬ್ಯಾಟರಿಯಲ್ಲಿ ಓಡುವ ಸಣ್ಣ ಪಂಪ್ ತೆಗೆದುಕೊಟ್ಟ. ಪೈಪ್ ಅದರ ಬಾಯಿಗೆ ಸರಿಯಾಗಿ ಕೂತಿತು. ಎರಡನೇ ಪಂಚನಾಮೆಗೆ ಪಂಚನಾಗಿ ನಿಂತ ವರ್ಕ್‌ಶಾಪ್ ಮೇಸ್ತ್ರಿ ಸಹಿ ಹಾಕುತ್ತಾ ಗೊಣಗಿದ.

"ಸೀಟಿಗೋಸ್ಕರ ಇಷ್ಟೆಲ್ಲನಾ? ಅಂಥದ್ದೇ ಒಂದು ತರಿಸಿದ್ರೆ ಹಳದಿಗೂ ಕೂರಿಸಬಹುದಿತ್ತಲ್ಲೋ. ನಾಲ್ಕು ಬೋಲ್ಟ್ ಕೆಲಸ. ಒಂದು ಮಾತು ಕೇಳೋದಲ್ವಾ?"

"ಕೇಳಿದ್ರೆ ಯಾಕೆ ಅಂತಿದ್ರಲ್ಲಣ್ಣ," ಎಂದ ಭಾವ.

ಆ ಮಾತಿಗೆ ಮ್ಯಾನೇಜರ್ ಬೇರೆ ಕಡೆ ನೋಡಿದ. ಟೈರು, ಬ್ರೇಕು, ಡೀಸೆಲ್ ಎಲ್ಲ ಹೋಲಿಸಿದವರು, ಎರಡು ಗಾಡಿಯಲ್ಲೂ ಕೂತವರ ಬೆನ್ನು ಹೇಗಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ. ಸಂಜೆ ಆರೂವರೆಗೆ ಭಾವನ ಬಂಧನವಾಯಿತು. ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರ್ ತಾನೇ ನ್ಯಾಯಾಲಯಕ್ಕೆ ಹೋಗಿ ಹುಡುಗನ ಬಿಡುಗಡೆಗೆ ವರದಿ ಕೊಟ್ಟಳು. ಹೊರಗೆ ಬಂದು, "ತಪ್ಪಾಯ್ತಪ್ಪ," ಎಂದಳು. ಅವನು ತಲೆಯಾಡಿಸಿದ.

ಆ ಮಧ್ಯಾಹ್ನ ಊಟದ ಹೊತ್ತಿಗೆ ಠಾಣೆಯ ಬಾಗಿಲಲ್ಲಿ ಹುಡುಗ ನಿಂತಿದ್ದ. ಒಂದು ಕೈಯಲ್ಲಿ ಅದೇ ಡಬ್ಬಿ, ಕಂಕುಳಲ್ಲಿ ದಿಂಬು.

"ಅಕ್ಕ ಕಳಿಸಿದ್ರಾ?" ಎಂದ ಹೆಡ್ ಕಾನ್‌ಸ್ಟೇಬಲ್.

"ಇಲ್ಲ ಸಾರ್. ಅಕ್ಕ ಭಾವನ ಹೆಸರೂ ಎತ್ತಬೇಡ ಅಂದ್ಲು. ಅಡುಗೆ ನಾನೇ ಮಾಡಿದೆ, ಸ್ವಲ್ಪ ಉಪ್ಪು ಜಾಸ್ತಿ ಆಗಿದೆ." ಆಮೇಲೆ ಲಾಕಪ್ಪಿನ ಸರಳುಗಳ ನಡುವೆ ದಿಂಬು ತೂರಿಸಿದ. "ಕೆಳಗೆ ಹಾಕ್ಕೊಂಡು ಕೂತ್ಕೋ ಭಾವ. ನೆಲ ಗಟ್ಟಿ ಇದೆ, ನಂಗೊತ್ತು."

ಭಾವ ದಿಂಬು ತೆಗೆದುಕೊಂಡ. ಕೆಳಗೆ ಹಾಕಿಕೊಳ್ಳಲಿಲ್ಲ. ಬರಿಯ ನೆಲದ ಮೇಲೆ ಕೂತು, ದಿಂಬಿನಲ್ಲಿ ಮುಖವಿಟ್ಟು ಅತ್ತ.