ಅಣ್ಣನ ಕಾರಿನ ಮೊದಲ ಐದು ನಿಮಿಷ

ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ. ದಿವಂಗತ ಅಣ್ಣನ ಹಳೆಯ ಸ್ಪೋರ್ಟ್ಸ್ ಕಾರು ತಣ್ಣಗಿರುವಾಗ ಮಾತ್ರ ಕುಂಟುತ್ತಿತ್ತು. ಅದು ಬಿಸಿಯಾಗುವವರೆಗೆ ಅವನು ಆಕ್ಸಿಲರೇಟರನ್ನು ಎರಡು ಸಲ ಮೆಲ್ಲನೆ ಒತ್ತಿ, ಮೂರನೆಯ ಸಲ ದೀರ್ಘವಾಗಿ ಹಿಡಿಯುತ್ತಿದ್ದನು. ಸದಾ ಶ್ಲೋಕ ಗುನುಗುವ ನಾನು ಲಘು, ಲಘು, ಗುರು ಎಂದು ನಗುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಅದನ್ನು ಸರಿಪಡಿಸಲು ಮೆಕ್ಯಾನಿಕ್ ಬಂದರು. ಎಂಜಿನ್ನಿನಲ್ಲಿ ಗಾಳಿ ಸೋರುವ ಜಾಗವನ್ನು ಹುಡುಕಲು ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಆಲಿಸುವುದು ಅವರ ಪದ್ಧತಿ.

"ನೀವು ಒಳಗೆ ಕೂತು ಕೀ ತಿರುಗಿಸಿ ಸ್ವಾಮಿ. ಆಮೇಲೆ ಏನೂ ಮುಟ್ಬೇಡಿ. ನಿಮ್ಮ ಶ್ಲೋಕಾನೂ ಬೇಡ, ನಂಗೆ ಕೇಳಿಸ್ಬೇಕು!"

ಕೀ ತಿರುಗಿಸಿದೆ. ನಡುಗುತ್ತಿದ್ದ ಎಂಜಿನ್ ಎರಡು ಸಲ ಮೆಲ್ಲನೆ, ಒಮ್ಮೆ ದೀರ್ಘವಾಗಿ ಮೊರೆಯಿತು. ನನ್ನ ಪಾದಗಳು ಪೆಡಲಿನಿಂದ ದೂರ, ಸೀಟಿನ ಅಂಚಿಗೆ ಒತ್ತಿಕೊಂಡಿದ್ದವು. ಮತ್ತೆ ಅದೇ ಲಯ. ಕೀಯನ್ನು ಹಿಂದಕ್ಕೆ ತಿರುಗಿಸಿದರೂ ಎಂಜಿನ್ ನಿಲ್ಲಲಿಲ್ಲ. ಬಾಗಿಲ ಹಿಡಿ ಅಲುಗಲಿಲ್ಲ. ಹೊಗೆ ಒಳಗೆ ತುಂಬಿ ಉಸಿರು ಕಟ್ಟತೊಡಗಿತು. ಪೆಡಲಿನ ಬಳಿ ಮಾತ್ರ ಕೊರೆಯುವ ಥಂಡಿ. ಗಾಜನ್ನು ಗುದ್ದಿದೆ, ಕೂಗಿದೆ. ತೆರೆದ ಬಾನೆಟ್ಟಿನ ಪಕ್ಕದಲ್ಲಿ ಮೆಕ್ಯಾನಿಕ್ಕರ ಮುಖ ಕಾಣುತ್ತಿತ್ತು. ಅವರು ಕಣ್ಣು ಮುಚ್ಚಿ ಆಲಿಸುತ್ತಲೇ ಇದ್ದರು. ದೇವರ ನಾಮವೂ ನನ್ನ ನಾಲಿಗೆಗೆ ಬರಲಿಲ್ಲ.

ಕಡೆಗೆ ಎಂಜಿನ್ ತಾನಾಗಿ ನಿಂತಿತು. ಬಾಗಿಲು ಸಲೀಸಾಗಿ ತೆರೆಯಿತು.

"ಮುಟ್ಬೇಡಿ ಅಂದ್ರೂ ತುಳಿದ್ರಲ್ಲ ಸ್ವಾಮಿ! ಅದೂ ತಾಳ ಹಾಕ್ದಂಗೆ..." ಎನ್ನುತ್ತ ಬಂದ ಮೆಕ್ಯಾನಿಕ್ ತಮ್ಮ ಹೆಗಲನ್ನು ನೋಡಿಕೊಂಡರು. ನಾನು ತಪ್ಪಿ ತುಳಿದೇನೆಂದು ಅವರು ಮೊದಲೇ ಕಳಚಿಟ್ಟುಕೊಂಡಿದ್ದ, ಪೆಡಲನ್ನು ಎಂಜಿನ್ನಿಗೆ ಜೋಡಿಸುವ ಆಕ್ಸಿಲರೇಟರ್ ಕೇಬಲ್ ಅಲ್ಲಿಂದ ತೂಗುತ್ತಿತ್ತು.