ತೂಗುವ ಒಲೆ

ಒಲೆ ಕೊಳ್ಳಲು ಬಂದವರು ಬರ್ನರ್ ಎಷ್ಟು ಎಂದು ಕೇಳುತ್ತಾರೆ, ಹಿತ್ತಾಳೆಯದ್ದು ಹೌದೋ ಅಲ್ಲವೋ ಎಂದು ಉಗುರಿನಿಂದ ಗೀರಿ ನೋಡುತ್ತಾರೆ. ಈ ಮನುಷ್ಯ ಮಾತ್ರ ಪಾತ್ರೆಯಲ್ಲಿ ನೀರು ತುಂಬಿಸಿ ಒಲೆಯ ಮೇಲಿಟ್ಟು, ಒಲೆಯ ಒಂದು ಬದಿಯನ್ನು ಗೇಣುದ್ದ ಎತ್ತಿಯೇ ಬಿಟ್ಟ. ನೀರೆಲ್ಲ ಕೌಂಟರಿನ ಮೇಲೆ, ಅಲ್ಲಿಂದ ಒಲೆ ತೋರಿಸುತ್ತಿದ್ದ ಸುಭಾಷಿಣಿಯ ಸೀರೆಯ ಮೇಲೆ.

“ಎಂತ ಮಾರಾಯ್ರೆ ನೀವು! ಒಲೆ ಪರೀಕ್ಷೆ ಮಾಡುವುದೋ, ನನಗೆ ಸ್ನಾನ ಮಾಡಿಸುವುದೋ?”

“ಇದೂ ಆಗುವುದಿಲ್ಲ,” ಎಂದು ತಾರಾನಾಥ ಗಂಭೀರವಾಗಿ ತಲೆಯಾಡಿಸಿದ. ಆಮೇಲೆ ಅವಳ ಸೀರೆ ಕಂಡಿತು, ಕಿವಿ ಕೆಂಪಾಯಿತು. ಕರವಸ್ತ್ರ ತೆಗೆದ. ಅವಳಿಗೆ ಕೊಡುವುದೋ, ಕೌಂಟರ್ ಒರೆಸುವುದೋ ತಿಳಿಯದೆ ಕೊನೆಗೆ ತನ್ನ ಮುಖವನ್ನೇ ಒರೆಸಿಕೊಂಡ.

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು. ಇನ್ನೊಬ್ಬಳ ಗಂಡನಾಗುವವನನ್ನು ನೋಡಿ ನಗಲು ಅವಳಿಗೇನು ಬಂದಿತ್ತು ರೋಗ?

ಅದು ಎಂಬತ್ತೇಳರ ಜುಲೈ. ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಲಿಯೋನೆಲ್ ಪೊರ್ಬುಗಳ ಗ್ಯಾಸ್ ಅಂಗಡಿ. ಒಲೆ ಬೇಕಾದರೆ ಅಂದೇ ಸಿಗುತ್ತಿತ್ತು, ಸಿಲಿಂಡರ್ ಬೇಕಾದರೆ ಹೆಸರು ಬರೆಸಿ ಎರಡು ವರ್ಷ ಕಾಯಬೇಕು. ಆದರೆ ಪೊರ್ಬುಗಳು ನಲವತ್ತೆರಡನೆಯ ವಯಸ್ಸಿನಲ್ಲಿ ಮದುವೆಯಾದವರು. ಕಾದವರ ಕಷ್ಟ ಕಾದವರಿಗೇ ಗೊತ್ತು ಎಂದು ತಮ್ಮದೇ ಒಂದು ಕಾನೂನು ಮಾಡಿಕೊಂಡಿದ್ದರು. ಮದುವೆ ಗೊತ್ತಾದವರಿಗೆ ಮೊದಲ ಸರತಿ. ಫಾರ್ಮಿನಲ್ಲಿ ಹುಡುಗಿಯ ಹೆಸರು, ಮದುವೆಯ ತಾರೀಕು ಬರೆಸಬೇಕು, ಆಮೇಲೆ ಅಚ್ಚು ಹಾಕಿಸಿದ ಮದುವೆಯ ಕಾಗದ ತಂದು ತೋರಿಸಬೇಕು.

ಕಾಪುವಿನ ತಾರಾನಾಥ ಕರ್ಕೇರ ಮೊದಲ ದಿನ ಬಂದವನು ಎರಡು ವರ್ಷ ಎಂದು ಕೇಳಿ ಮುಖ ಸಣ್ಣ ಮಾಡಿದ್ದ. ಈ ಕಾನೂನು ಕೇಳಿದೊಡನೆ, “ಮದುವೆ ಉಂಟು,” ಎಂದಿದ್ದ.

“ಹುಡುಗಿಯ ಹೆಸರು?”

ಅಷ್ಟರಲ್ಲಿ ಒಳಗಿನಿಂದ ಪೊರ್ಬುಗಳು, “ಸುಭಾಷಿಣೀ, ರಶೀದಿ ಪುಸ್ತಕ ಎಲ್ಲಿಟ್ಟದ್ದು?” ಎಂದು ಕೂಗಿದರು. ಅವಳು ಕೊಟ್ಟು ಬಂದು ಮತ್ತೆ ಪೆನ್ನು ಹಿಡಿದಾಗ ಅವನು ತಿರುಗುವ ಫ್ಯಾನನ್ನೊಮ್ಮೆ ನೋಡಿ, “ಸುಭಾಷಿಣಿ,” ಎಂದ.

“ಓ, ನನ್ನದೇ ಹೆಸರು!”

“ಹೌದಾ?” ಎಂದ ಆ ಸಾಧು ಪ್ರಾಣಿ.

ನಿಮಗೆ ಆಗಲೇ ಅರ್ಥವಾಗಿರಬಹುದು. ಅವಳಿಗೆ ಆಗಲಿಲ್ಲ. ಕಾರ್ಕಳದ ಶಾಲೆಯಲ್ಲಿ ಅವಳ ಕ್ಲಾಸಿನಲ್ಲೇ ಇನ್ನಿಬ್ಬರು ಸುಭಾಷಿಣಿಯರಿದ್ದರು, ಇದು ನಾಲ್ಕನೆಯದು ಎಂದುಕೊಂಡಳು. ತಾರೀಕು ಆಗಸ್ಟ್ ಮೂವತ್ತು ಎಂದು ತನ್ನ ಕೈಯಾರೆ ಬರೆದಳು.

ಆಮೇಲೆ ಪ್ರತಿ ಸೋಮವಾರ ಅವನು ಹಾಜರು. ಮದುವೆಯ ಕಾಗದ ಕೇಳಿದರೆ, “ಪ್ರೆಸ್ಸಿನಲ್ಲಿ ಉಂಟು.” ಒಲೆ ತೋರಿಸಿದರೆ ಊರಲ್ಲಿಲ್ಲದ ಪ್ರಶ್ನೆಗಳು. ಜೋರು ಗಾಳಿಗೆ ಉರಿ ಆರುತ್ತದಾ? ಉಪ್ಪಿನ ಗಾಳಿಗೆ ತುಕ್ಕು ಹಿಡಿಯುತ್ತದಾ? ಪಾತ್ರೆ ಜಾರದ ಹಾಗೆ ಸುತ್ತ ಕಂಬಿ ಹಾಕಿಸಬಹುದಾ? ಹೆಂಡತಿಯ ಅಡುಗೆಮನೆಯ ಬಗ್ಗೆ ಇಷ್ಟು ತಲೆಬಿಸಿ ಮಾಡಿಕೊಳ್ಳುವ ಗಂಡಸನ್ನು ಅವಳು ಕಂಡೇ ಇರಲಿಲ್ಲ. ಅದೇ ಅವಳ ಸಂಕಟ. ಇಂಥವನು ತನಗೆ ಸಿಗಬಾರದಿತ್ತೇ ಎಂದು ಒಮ್ಮೆ ಅನ್ನಿಸಿದ್ದು ಮತ್ತೆ ಬಿಡಲೇ ಇಲ್ಲ.

“ನಿಮ್ಮ ಸುಭಾಷಿಣಿ ಹೇಗೆ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

ಅವನು ಅವಳ ಮುಖ ನೋಡಿದ. ಬೇಗ ನೋಡಿ ಬಿಡಲಿಲ್ಲ, ನಿಧಾನವಾಗಿ ಹುಬ್ಬು, ಮೂಗು, ಗಲ್ಲ ಎಂದು ಲೆಕ್ಕ ಹಾಕಿದಂತೆ ನೋಡಿದ. “ಬಾಯಿ ಸ್ವಲ್ಪ ಜೋರು,” ಎಂದ. “ನಗುವಾಗ ಎಡಗೆನ್ನೆ ಮೊದಲು ನಗುವುದು, ಬಲಗೆನ್ನೆ ಆಮೇಲೆ.”

ತಾನು ಉಳಿದುಕೊಂಡಿದ್ದ ಕಲ್ಯಾಣಪುರದ ದೊಡ್ಡಮ್ಮನ ಮನೆಗೆ ಹೋದವಳು ಚಪ್ಪಲಿ ಬಿಡುವ ಮೊದಲೇ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದಳು. ಕನ್ನಡಿಯಲ್ಲಿ ಯಾವುದು ಎಡ, ಯಾವುದು ಬಲ ಎಂದೇ ತಿಳಿಯದೆ ಅಳು ಬಂತು.

“ಎಂತ ಆಯ್ತು ನಿನಗೆ?” ಎಂದರು ದೊಡ್ಡಮ್ಮ.

“ಎಂತದ್ದೂ ಇಲ್ಲ.”

ಎಂತದ್ದೂ ಇಲ್ಲದವಳು ಆ ವಾರ ಎರಡು ಸಲ ತಪ್ಪು ಬಸ್ಸು ಹತ್ತಿದಳು. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಸೋಮವಾರ ಬೇಗ ಬರಲಿ ಎಂದು ಒಮ್ಮೆ, ಅವನು ಇನ್ನು ಬಾರದಿರಲಿ ಎಂದು ಇನ್ನೊಮ್ಮೆ. ಆ ಇನ್ನೊಬ್ಬ ಸುಭಾಷಿಣಿಯನ್ನು ಕಂಡರೆ ಜಡೆ ಹಿಡಿದು ಕೇಳಬೇಕೆನಿಸುತ್ತಿತ್ತು: ಎಂತ ಪುಣ್ಯ ಮಾಡಿದ್ದಿ ನೀನು?

ಸೀರೆ ಒದ್ದೆಯಾದದ್ದು ನಾಲ್ಕನೆಯ ಸೋಮವಾರ. ಸೆರಗು ಹಿಂಡುತ್ತಲೇ ಕೇಳಿದಳು, “ಮನೆಯಲ್ಲಿ ಎಷ್ಟು ಜನ?”

“ಆರು.”

“ಆರು ಜನಕ್ಕೆ ಒಂದೇ ಬರ್ನರ್ ಸಾಕು ಎನ್ನುತ್ತೀರಲ್ಲ?”

“ಎರಡಕ್ಕೆ ಜಾಗ ಇಲ್ಲ. ಅಡುಗೆ ಮಾಡುವ ಕೋಣೆ ಮೂರಡಿ. ನಿಂತರೆ ತಲೆ ತಾಗುತ್ತದೆ, ಕೂತುಕೊಂಡೇ ಬೇಯಿಸಬೇಕು. ನೆಲವೂ ಸ್ವಲ್ಪ ಅಲ್ಲಾಡುತ್ತದೆ.”

ಸುಭಾಷಿಣಿಯ ಸಿಟ್ಟು ನೆತ್ತಿಗೇರಿತು. “ಆ ಹುಡುಗಿಯನ್ನು ಮದುವೆಯಾಗುವುದೋ, ಬೋನಿಗೆ ಹಾಕುವುದೋ? ತಲೆ ತಾಗುವ ಕೋಣೆಯಲ್ಲಿ ಅವಳು ಆರು ಜನಕ್ಕೆ ಬೇಯಿಸಿ ಹಾಕಬೇಕಾ?”

“ಅವಳು ಯಾಕೆ? ಕಿಟ್ಟಣ್ಣ ಬೇಯಿಸುವುದು,” ಎಂದವನು ನಾಲಿಗೆ ಕಚ್ಚಿಕೊಂಡ.

“ಕಿಟ್ಟಣ್ಣ ಯಾರು?”

ಮಾತು ಬಾಯಿಂದ ಬಿದ್ದಾಗಿತ್ತು. ತಾರಾನಾಥ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿದ. “ಒಲೆ ಮನೆಗಲ್ಲ,” ಎಂದ. “ಬೋಟಿಗೆ.”

ಅವನು ಮಲ್ಪೆಯ ಒಂದು ಸಣ್ಣ ಟ್ರಾಲ್ ಬೋಟಿನ ತಾಂಡೇಲ. ಬೋಟು ನಡೆಸುವವನು ಅವನೇ, ಜನರ ಹೊಣೆಯೂ ಅವನದೇ. ಈಗೀಗ ಮೀನು ದೂರ ಹೋಗಿ ಮೂರು ದಿನ ಕಡಲಲ್ಲೇ ಉಳಿಯಬೇಕಾಗುತ್ತಿತ್ತು. ಹೋದ ವರ್ಷ ದೊಡ್ಡ ಅಲೆಗೆ ಸೀಮೆಎಣ್ಣೆ ಸ್ಟೌ ಮಗುಚಿ, ಕುದಿಯುವ ಗಂಜಿ ಅಡುಗೆಯ ಕಿಟ್ಟಣ್ಣನ ತೊಡೆಯ ಮೇಲೆ ಬಿತ್ತು. ಅರವತ್ತು ದಾಟಿದ ಮುದುಕ, ಎರಡು ತಿಂಗಳು ಮಣಿಪಾಲದ ಆಸ್ಪತ್ರೆಯಲ್ಲಿ.

“ಈ ವರ್ಷವೂ ಬರುತ್ತೇನೆ ಎನ್ನುತ್ತಾನೆ. ಅದೇ ಸ್ಟೌ ಅವನ ಮುಂದೆ ಹೇಗೆ ಇಡುವುದು? ಬೋಟಿಗೆ ಗ್ಯಾಸ್ ಎಂದರೆ ನೀವು ಕೊಡುತ್ತಿರಲಿಲ್ಲ. ಅದಕ್ಕೆ ಸುಳ್ಳು ಹೇಳಿದೆ.”

“ಮದುವೆ?”

“ಇಲ್ಲ.”

“ಹುಡುಗಿ?”

“ಇಲ್ಲ.”

ಒಂದು ಉಸಿರಿನಷ್ಟು ಹೊತ್ತು ಸುಭಾಷಿಣಿಗೆ ಬೀದಿಗಿಳಿದು ಕುಣಿಯುವಷ್ಟು ಸಂತೋಷವಾಯಿತು. ಮರು ಉಸಿರಿಗೆ ಬೋಟು ಎಂಬ ಮಾತು ತಲೆಗೆ ಹೊಕ್ಕಿತು.

“ಗ್ಯಾಸ್ ಗಾಳಿಗಿಂತ ಭಾರ, ಗೊತ್ತುಂಟಾ ನಿಮಗೆ?” ಎಂದಳು. “ಸೋರಿದರೆ ಕೆಳಗಿಳಿಯುತ್ತದೆ. ಮನೆಯಾದರೆ ಹೊಸ್ತಿಲು ದಾಟಿ ಹೋದೀತು. ಬೋಟಿನಲ್ಲಿ ಎಲ್ಲಿಗೆ ಹೋಗುತ್ತದೆ? ಬೋಟಿನ ಹೊಟ್ಟೆಯಲ್ಲಿ, ಇಂಜಿನಿನ ಬುಡದಲ್ಲಿ ಹೋಗಿ ಕೂರುತ್ತದೆ. ಒಬ್ಬ ಬೀಡಿ ಹಚ್ಚಿದರೆ ಆರು ಜನವೂ ಇಲ್ಲ. ನಾಲ್ಕು ವಾರ ನನ್ನಿಂದ ಇದಕ್ಕೆ ಒಲೆ ಆರಿಸಿದಿರಾ?”

ಅವನು ಬಾಯಿ ತೆರೆದ. ಅವಳು ಫಾರ್ಮನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. “ಹೋಗಿ. ಒಲೆ ಇಲ್ಲ, ಸಿಲಿಂಡರೂ ಇಲ್ಲ.”

ಬಾಗಿಲಿನಲ್ಲಿ ನಿಂತು ಅವನು ಹೇಳಿದ, “ಸುಳ್ಳು ಹೇಳಿದ್ದು ತಪ್ಪು. ಆದರೆ ಮಳೆಗಾಲವೆಲ್ಲ ನಿಂತ ಬೋಟು ಸಮುದ್ರಪೂಜೆಯ ಮರುದಿನ ಹೊರಡಲೇಬೇಕು. ಅಕ್ಕನ ಮನೆಯ ಸಿಲಿಂಡರ್ ಕೇಳುತ್ತೇನೆ.”

ಸಿಟ್ಟಿನಲ್ಲಿ ಹೋಗಿ ಎಂದದ್ದು ಸುಲಭ. ಅವನು ಮುಂದಿನ ಸೋಮವಾರ ನಿಜವಾಗಿಯೂ ಬರಲಿಲ್ಲ. ಸುಭಾಷಿಣಿ ಬಾಗಿಲ ಕಡೆಗೆ ನೋಡಿ ನೋಡಿ ಒಬ್ಬ ಗಿರಾಕಿಗೆ ಎರಡು ಸಲ ರಶೀದಿ ಬರೆದಳು. ಅಕ್ಕನ ಸಿಲಿಂಡರನ್ನು ಅವನು ಎಲ್ಲಿಡುತ್ತಾನೆ? ಟ್ಯೂಬು ಹಳೆಯದೋ ಹೊಸದೋ? ಯಾರೋ ಬೆಂಕಿಕಡ್ಡಿ ಗೀರಿದರೂ ಬೆಚ್ಚಿಬೀಳುವಂತಾಯಿತು. ಅವನು ಸತ್ತರೆ ತಾನು ಬದುಕುವುದು ಹೇಗೆ ಎಂಬ ಮಾತು, ಯಾರೂ ಹೇಳಿಕೊಡದೆ, ಅವಳ ಮನಸ್ಸಿಗೆ ಬಂತು.

ಆದಿತ್ಯವಾರ ಅಪ್ಪ ಅಮ್ಮನನ್ನು ನೋಡಲು ಕಾರ್ಕಳದ ಬಸ್ಸು ಹತ್ತಿದಳು. ಮೂಲದಲ್ಲಿ ಕಡಲ ಬದಿಯ ಮೀನುಗಾರ ಮೊಗವೀರರೇ ಆದರೂ ಅಪ್ಪ ಕಾರ್ಕಳದ ಕಲ್ಲುಕೋರೆಯಲ್ಲಿ ಲೆಕ್ಕ ಬರೆಯುವ ರೈಟರ್. ದೊಡ್ಡಮ್ಮ ಕಟ್ಟಿಕೊಟ್ಟ ಮೀನುಸಾರಿನ ಡಬ್ಬಿ ಮಡಿಲಲ್ಲಿತ್ತು. ಹಿರಿಯಡ್ಕ ದಾಟಿದ ಮೇಲೆ ಒಂದು ತಿರುವಿನಲ್ಲಿ ಡ್ರೈವರ್ ಬಸ್ಸನ್ನು ಹೇಗೆ ತಿರುಗಿಸಿದನೆಂದರೆ ಸಾರು ಚೆಲ್ಲಿ ಸೀರೆಯೆಲ್ಲ ಅರಸಿನ.

“ಇವನ ಮನೆ ಹಾಳಾಗ!” ಎಂದು ತಲೆ ಎತ್ತಿದವಳ ಕಣ್ಣು ಮೇಲಿನ ಕಂಬಿಗೆ ಹೋಯಿತು. ಯಾರೋ ಅಲ್ಲಿ ಹಾಲಿನ ತೂಕುಪಾತ್ರೆಯ ಹಿಡಿ ಸಿಕ್ಕಿಸಿದ್ದರು. ಮುಚ್ಚಳವಿಲ್ಲ, ಮುಕ್ಕಾಲು ಹಾಲು. ಬಸ್ಸು ಎಡಕ್ಕೆ ವಾಲಿತು, ಬಲಕ್ಕೆ ವಾಲಿತು. ಪಾತ್ರೆ ಮಾತ್ರ ನೇರ ನಿಂತೇ ತೂಗಿತು, ಒಂದು ಹನಿ ಬೀಳಲಿಲ್ಲ.

“ಅಯ್ಯೋ ಮಂಕೇ! ಇಡಬಾರದು, ತೂಗಹಾಕಬೇಕು!” ಎಂದು ಸುಭಾಷಿಣಿ ಗಟ್ಟಿಯಾಗಿಯೇ ಹೇಳಿದಳು. ಕಂಡಕ್ಟರ್, “ಎಂತ ಅಕ್ಕಾ, ಇಳಿಯುವುದಾ?” ಎಂದ.

ಸಮುದ್ರಪೂಜೆಯ ದಿನ ಮಧ್ಯಾಹ್ನ ಅವಳು ಪೊರ್ಬುಗಳಿಂದ ಅರ್ಧ ದಿನ ರಜೆ ಕೇಳಿದಳು. ಮೂಲೆಯಲ್ಲಿ ಯಾರೂ ಕೊಳ್ಳದೆ ಬಿದ್ದಿದ್ದ, ಎರಕದ ಕಬ್ಬಿಣದ ಒಂಟಿ ಬರ್ನರಿನ ಒಲೆಯನ್ನೂ ಕೇಳಿದಳು. ಪೊರ್ಬುಗಳು ಕನ್ನಡಕದ ಮೇಲಿನಿಂದ ನೋಡಿ, “ಒಲೆ ಕೊಂಡುಹೋಗು. ಹೋದವಳು ಅಳುತ್ತಾ ಬರಬೇಡ,” ಎಂದರು.

ಮಲ್ಪೆಯ ಬಸ್ಸಿನಲ್ಲಿ ಅವಳ ಮಡಿಲಲ್ಲಿ ಪೇಪರು ಸುತ್ತಿದ ಒಲೆ, ಕಾಲಬುಡದ ಚೀಲದಲ್ಲಿ ಹೊಸ ಟ್ಯೂಬು, ಸಾಬೂನು, ಅಪ್ಪನಿಂದ ಕೇಳಿ ತಂದ ತೆಂಗಿನಕಾಯಿ ಗಾತ್ರದ ಕರಿಕಲ್ಲು.

ಬಂದರಿನ ದಕ್ಕೆಯಲ್ಲಿ ಸಾಲು ಸಾಲು ಬೋಟುಗಳು. ಕೇಳಿ ಕೇಳಿ ಅವನ ಬೋಟಿನ ಹತ್ತಿರ ಬಂದರೆ, ಹಲಗೆ ದಾಟಬೇಕು. ಜನ್ಮದಲ್ಲಿ ಬೋಟು ಹತ್ತಿದವಳಲ್ಲ. ತಾರಾನಾಥ ಕ್ಯಾಬಿನ್ನಿನಿಂದ ತಲೆ ಹೊರಹಾಕಿದವನು ಹಾಗೇ ನಿಂತುಬಿಟ್ಟ. ನಾಲ್ಕು ವಾರ ಕೌಂಟರಿನ ಕನ್ನಡದಲ್ಲಿ ಮಾತಾಡಿದವನು ಈಗ ಮನೆಯ ತುಳುವಿನಲ್ಲಿ, “ನೀವು ಬಂದದ್ದಾ?” ಎಂದ.

“ನಾನಲ್ಲ, ನನ್ನ ಭೂತ! ಕೈ ಕೊಡಿ ಮೊದಲು.”

ಕೊಟ್ಟ. ದಾಟಿದ ಮೇಲೂ ಒಂದು ಗಳಿಗೆ ಕೈ ಅಲ್ಲೇ ಇತ್ತು.

ಹೆದರಿದ್ದೇ ನಿಜವಾಗಿತ್ತು. ಅಕ್ಕನ ಸಿಲಿಂಡರ್ ಕೆಳಗೆ, ಇಂಜಿನಿನ ಪಕ್ಕದಲ್ಲೇ ಕೂತಿತ್ತು. “ತೆಗೆಯಿರಿ ಅದನ್ನು!” ಎಂದು ಸುಭಾಷಿಣಿ ಸೆರಗು ಸಿಕ್ಕಿಸಿ ನಿಂತಳು. ಸಿಲಿಂಡರ್ ಮೇಲೆ ಬಂತು, ಕ್ಯಾಬಿನ್ನಿನ ಹಿಂದೆ ಬಯಲಿನಲ್ಲಿ ಹಗ್ಗ ಬಿಗಿದು ನಿಂತಿತು. ದಕ್ಕೆಯ ವೆಲ್ಡರನಿಂದ ಕಬ್ಬಿಣದ ಪಟ್ಟಿಯ ಚೌಕಟ್ಟು ಮಾಡಿಸಿದರು. ಪಾತ್ರೆ ಹಿಡಿಯಲು ಸುತ್ತ ಕಂಬಿ, ತೂಗಲು ಮುಂದೊಂದು ಕೊಕ್ಕೆ, ಹಿಂದೊಂದು ಕೊಕ್ಕೆ.

“ಕಲ್ಲು ಯಾಕೆ?” ಎಂದ ಅವನು.

“ಒಲೆಯ ಹೊಟ್ಟೆಯ ಕೆಳಗೆ ಕಟ್ಟಿ. ಕೆಳಗೆ ಭಾರ ಇದ್ದರೆ ಮೇಲೆ ಮಗುಚುವುದಿಲ್ಲ. ಕಾರ್ಕಳದ ಕಲ್ಲು, ಅಷ್ಟು ಸುಲಭಕ್ಕೆ ಅಲ್ಲಾಡುವುದಲ್ಲ.”

ಟ್ಯೂಬಿನ ಉದ್ದಕ್ಕೂ ಸಾಬೂನುನೀರು ಸವರಿದಳು. ಒಂದು ಗುಳ್ಳೆ ಏಳಲಿಲ್ಲ. ಅಡುಗೆ ಮುಗಿದೊಡನೆ ಸಿಲಿಂಡರಿನ ಬಾಯಿ ತಿರುಗಿಸಿ ಮುಚ್ಚಬೇಕು ಎಂದು ಕಿಟ್ಟಣ್ಣನಿಂದ ಮೂರು ಸಲ ಹೇಳಿಸಿದಳು. ಕುಂಟುತ್ತಾ ಬಂದ ಕಿಟ್ಟಣ್ಣ ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟ. ಆಗಲೇ ಪಕ್ಕದಿಂದ ದೊಡ್ಡ ಬೋಟೊಂದು ಹಾದು, ಇವರ ಬೋಟು ಎದ್ದು ಬಿದ್ದು ಕುಲುಕಿತು. ಹಲಗೆಯ ಮೇಲಿದ್ದ ಸಕ್ಕರೆ ಡಬ್ಬಿ ಉರುಳಿತು. ಸುಭಾಷಿಣಿ ತಾರಾನಾಥನ ತೋಳಿಗೆ ಆತುಕೊಂಡಳು. ಒಲೆ ಮೆಲ್ಲಗೆ ತೂಗಿತು, ನೀರು ಅಂಚು ದಾಟಲಿಲ್ಲ.

ಕಿಟ್ಟಣ್ಣ ಒಲೆಯನ್ನು ನೋಡಿದ, ತನ್ನ ತೊಡೆಯನ್ನು ಸವರಿಕೊಂಡ. “ಮೂವತ್ತು ವರ್ಷ ಗಂಜಿ ಬೇಯಿಸಿದೆ ಮಗಾ,” ಎಂದ. “ಇದು ಯಾರಿಗೂ ಹೊಳೆದಿರಲಿಲ್ಲ.”

ಸುಭಾಷಿಣಿ ತೋಳು ಬಿಡಲಿಲ್ಲ. “ಆ ಹೆಸರು ಎಲ್ಲಿಂದ ತಂದದ್ದು?” ಎಂದು ಮೆಲ್ಲಗೆ ಕೇಳಿದಳು.

“ಪೊರ್ಬುಗಳು ಕೂಗಿದರಲ್ಲ, ಅದೇ ಬಾಯಿಗೆ ಬಂತು. ಮೊದಲ ದಿನ ಅದು ಸುಳ್ಳು.” ಅವನು ಕಡಲ ಕಡೆ ನೋಡಿದ, ಮತ್ತೆ ಅವಳ ಕಡೆ. “ಎರಡನೆಯ ವಾರದಿಂದ ಬೇರೆ ಹೆಸರು ಹೇಳಲು ಮನಸ್ಸೇ ಬರಲಿಲ್ಲ. ನಾಲ್ಕು ವಾರ ಒಲೆ ನೋಡುವಷ್ಟು ದಡ್ಡ ನಾನಲ್ಲ. ನಿಮ್ಮನ್ನು ನೋಡಲು ಬರುತ್ತಿದ್ದೆ.”

ಅವಳು ಬ್ಲೌಸಿನೊಳಗಿನ ಸಣ್ಣ ಪರ್ಸಿನಿಂದ ಮಡಚಿದ ಫಾರ್ಮು ತೆಗೆದಳು. ಅದನ್ನು ಕಂಡು ತಾರಾನಾಥನ ಮುಖ ಬಾಡಿತು. “ಹರಿದು ಹಾಕಿ. ಎಲ್ಲ ಸುಳ್ಳು ಬರೆಸಿದ್ದು.”

“ಎಂತ ಸುಳ್ಳು?” ಅವಳು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. “ವರ, ತಾರಾನಾಥ ಕರ್ಕೇರ. ಸರಿ ಉಂಟು. ಹುಡುಗಿ, ಸುಭಾಷಿಣಿ. ಸರಿ ಉಂಟು. ತಾರೀಕು ಮಾತ್ರ ಆಗುವುದಿಲ್ಲ. ಆಗಸ್ಟ್ ಮೂವತ್ತಕ್ಕೆ ನೀವು ಕಡಲಲ್ಲಿ.” ಪೆನ್ನು ತೆಗೆದು ತಾರೀಕಿನ ಮೇಲೆ ಒಂದು ಗೆರೆ ಎಳೆದಳು. “ಕಾರ್ಕಳಕ್ಕೆ ಬಂದು ಅಪ್ಪನನ್ನು ಕೇಳಿ. ಆಮೇಲೆ ಬೇರೆ ತಾರೀಕು ಹೇಳಿ, ಬರೆಯುತ್ತೇನೆ.”

ಅವಳ ಎಡಗೆನ್ನೆ ನಕ್ಕಿತು, ಆಮೇಲೆ ಬಲಗೆನ್ನೆ.

“ಬೇಗ ಹೇಳಿ ಮಾರಾಯ್ರೆ,” ಎಂದಳು ಸುಭಾಷಿಣಿ. “ಅಕ್ಕನ ಸಿಲಿಂಡರ್ ಎಷ್ಟು ದಿನ ಇಟ್ಟುಕೊಳ್ಳುವುದು? ನಮಗೆ ನಮ್ಮದು ಬೇಡವಾ?”